ಸೈಟಿನಲ್ಲಿ ಮನೆ ಕಟ್ಟಿಸುವುದೋ, ಬಿಲ್ಡರ್ ಹತ್ತಿರ ಕೊಳ್ಳುವುದೋ: ಲೆಕ್ಕ, ಕಾಗದ, ತಪಾಸಣೆ

ಸ್ವಂತ ಮನೆಯ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಯಾವುದು ಅಗ್ಗ ಅಂತ. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ಕೆಲಸ ನಡೆಯುವ ಜಾಗದಲ್ಲಿ ನಿಮ್ಮ ಪರವಾಗಿ ದಿನಾ ನಿಲ್ಲುವವರು ಯಾರು? ಮನೆಯ ಗಟ್ಟಿತನವೆಲ್ಲ ಮುಚ್ಚಿಹೋಗುವ ಜಾಗದಲ್ಲೇ ಇರುತ್ತದೆ. ಪಾಯ ಮಣ್ಣಿನಡಿ ಸೇರುತ್ತದೆ, ಕಂಬಿ ಕಾಂಕ್ರೀಟಿನೊಳಗೆ, ಪೈಪು ಗಾರೆಯೊಳಗೆ. ಕಟ್ಟಿಸುವವರಿಗೆ ಮುಚ್ಚುವ ಮುಂಚೆ ನೋಡುವ ಅವಕಾಶವಿದೆ. ಕೊಳ್ಳುವವರಿಗೆ ಅದಿಲ್ಲ, ಅವರು ಕಾಗದವನ್ನೇ ನೆಚ್ಚಬೇಕು. ನಿಮಗೆ ಸೈಟಿಗೆ ಹೋಗಲು ಸಮಯವಿಲ್ಲ, ನಿಮ್ಮ ಪರ ನೋಡಿಕೊಳ್ಳುವ ಎಂಜಿನಿಯರ್‌ಗೆ ಹಣ ಕೊಡಲು ಮನಸ್ಸೂ ಇಲ್ಲ ಎಂದಾದರೆ ಕಟ್ಟಿಸುವ ಆಸೆ ಬಿಡಿ, ಒಸಿ (ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಬಂದಿರುವ ಮನೆ ಕೊಳ್ಳಿ. ನೀವೋ ಎಂಜಿನಿಯರೋ, ಇಬ್ಬರಲ್ಲಿ ಒಬ್ಬರಾದರೂ ಸೈಟಿನಲ್ಲಿ ನಿಲ್ಲುತ್ತಾರೆ ಎಂದಾದರೆ ಕಟ್ಟಿಸುವುದರಲ್ಲಿ ನಿಜವಾದ ಲಾಭವಿದೆ.

ಹಣದ ಲೆಕ್ಕ

ಕೆಳಗಿನ ದರಗಳು ಲೆಕ್ಕ ತೋರಿಸಲಷ್ಟೇ. ನಿಮ್ಮ ಊರಿನ ದರ ಹಾಕಿಕೊಂಡು ಮತ್ತೆ ಮಾಡಿ.

30x40 ಸೈಟಿನ ಬೆಲೆ 60 ಲಕ್ಷ ಎಂದಿಟ್ಟುಕೊಳ್ಳಿ. ಕರ್ನಾಟಕದ ನಗರಗಳಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಒಟ್ಟು ಶೇ 7.6, ಅಂದರೆ 4.56 ಲಕ್ಷ. ಕೆಳಗೆ 850, ಮೇಲೆ 850 ಚದರಡಿ ಕಟ್ಟಿದರೆ 1,700 ಚದರಡಿ, ಮೇಸ್ತ್ರಿಗಳ ಮಾತಿನಲ್ಲಿ 17 ಚದರ. ಚದರಡಿಗೆ 2,200 ರೂಪಾಯಿಯಂತೆ 37.4 ಲಕ್ಷ. ಕಟ್ಟಡದ ಖರ್ಚಿಗೆ ಮುದ್ರಾಂಕ ಶುಲ್ಕವಿಲ್ಲ. ಕಟ್ಟಿಸುವವರಿಗೆ ಇದು ದೊಡ್ಡ ಉಳಿತಾಯ.

ಲೆಕ್ಕ ತಪ್ಪುವುದು ಇಲ್ಲಿಂದ ಮುಂದೆ. ಗುತ್ತಿಗೆದಾರ ಹೇಳಿದ ಚದರಡಿ ದರದಲ್ಲಿ ಸಾಮಾನ್ಯವಾಗಿ ಸಂಪು, ಕಾಂಪೌಂಡ್ ಗೋಡೆ, ಮೇಲಿನ ನೀರಿನ ಟ್ಯಾಂಕು, ಗೇಟು, ಬೋರ್‌ವೆಲ್, ಅಡುಗೆಮನೆಯ ಮರಗೆಲಸ, ವಾರ್ಡ್‌ರೋಬ್ ಸೇರಿರುವುದಿಲ್ಲ. ನಕ್ಷೆ ಮಂಜೂರಾತಿ ಶುಲ್ಕ, ಆರ್ಕಿಟೆಕ್ಟ್ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ಶುಲ್ಕ, ತಾತ್ಕಾಲಿಕ ಕರೆಂಟು, ನೀರು ಮತ್ತು ಒಳಚರಂಡಿ ಸಂಪರ್ಕದ ಹಣ ಬೇರೆ. ಸ್ವಂತ ವಾಸದ ಮನೆಯ ಖರ್ಚು 50 ಲಕ್ಷ (2025ರ ನವೆಂಬರ್ 21ಕ್ಕೂ ಮುಂಚೆ 10 ಲಕ್ಷ) ಮೀರಿದರೆ ಕಟ್ಟಡ ಕಾರ್ಮಿಕರ ಸೆಸ್ ಶೇ 1 ಕಟ್ಟಬೇಕು. ಜಿಎಸ್‌ಟಿಯನ್ನು ಮೊದಲೇ ಕೇಳಿ: ಒಂಟಿ ಮನೆಗೆ ಬರೀ ಕೂಲಿ ಗುತ್ತಿಗೆಯಾದರೆ ತೆರಿಗೆ ಇಲ್ಲ, ಸಾಮಾನು ಸಮೇತ ಗುತ್ತಿಗೆ ಹಿಡಿಯುವ ನೋಂದಾಯಿತ ಗುತ್ತಿಗೆದಾರನಾದರೆ ಶೇ 18. ಮೇಲಿನ ಉದಾಹರಣೆಯಲ್ಲಿ ಅದೇ 6.7 ಲಕ್ಷ ಆಗುತ್ತದೆ. ಇಷ್ಟಾದ ಮೇಲೂ ಶೇ 10ರಿಂದ 15 ಕೈಯಲ್ಲಿ ಉಳಿಸಿಕೊಳ್ಳಿ, 10-12 ತಿಂಗಳ ಬಾಡಿಗೆ ಮತ್ತು ಸಾಲದ ಬಡ್ಡಿಯನ್ನೂ ಬರೆದುಕೊಳ್ಳಿ.

ಈಗ ಒಂದು ಕೋಟಿಯ ಫ್ಲ್ಯಾಟ್. ಕಟ್ಟುತ್ತಿರುವಾಗಲೇ ಕೊಂಡರೆ ಜಿಎಸ್‌ಟಿ ಶೇ 5, ಅಂದರೆ 5 ಲಕ್ಷ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ನೋಂದಣಿಗೆ 7.6 ಲಕ್ಷ, ಏಕೆಂದರೆ ಇಲ್ಲಿ ಜಾಗ ಮತ್ತು ಕಟ್ಟಡ ಎರಡರ ಮೇಲೂ ಶುಲ್ಕ ಬೀಳುತ್ತದೆ. ಕಾರ್ಪಸ್ ಫಂಡ್ (ಮುಂದಿನ ದೊಡ್ಡ ದುರಸ್ತಿಗೆ ಕೂಡಿಡುವ ಹಣ), ಮುಂಗಡ ನಿರ್ವಹಣಾ ವೆಚ್ಚ, ಕಾನೂನು ಶುಲ್ಕ, ನೀರು ಮತ್ತು ವಿದ್ಯುತ್ ಠೇವಣಿ ಬೇರೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಮಾರುವವರಿಗೆ ಕೊಡುವ ಹಣದಲ್ಲೇ ಶೇ 1 ಟಿಡಿಎಸ್ (ಮಾರುವವರ ಆದಾಯ ತೆರಿಗೆ) ಹಿಡಿದು ನೀವು ಕಟ್ಟಬೇಕು. ಸೈಟು ಕೊಳ್ಳುವಾಗಲೂ ಇದೇ ನಿಯಮ. ಹಣ ಕೊಟ್ಟ ತಿಂಗಳು ಮುಗಿದ 30 ದಿನದೊಳಗೆ ಕಟ್ಟದಿದ್ದರೆ ದಿನಕ್ಕೆ 200 ರೂಪಾಯಿ ದಂಡ. ಕಂತಿನಲ್ಲಿ ಹಣ ಕೊಡುವವರು ಪ್ರತಿ ಕಂತಿಗೂ ಕಟ್ಟಬೇಕೆನ್ನುವುದನ್ನು ಮರೆಯುತ್ತಾರೆ.

ಎರಡನ್ನೂ ಹೋಲಿಸುವಾಗ ಸೂಪರ್ ಬಿಲ್ಟ್‌ಅಪ್ (ಲಿಫ್ಟ್, ಮೆಟ್ಟಿಲಿನಂಥ ಸಾಮಾನ್ಯ ಜಾಗದ ಪಾಲೂ ಸೇರಿದ) ಲೆಕ್ಕ ಬದಿಗಿಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾ ಎಂದರೆ ಮನೆಯೊಳಗೆ ನಿಜಕ್ಕೂ ಬಳಸುವ ನೆಲ. ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಹೊರಗೋಡೆ, ಶಾಫ್ಟ್, ಬಾಲ್ಕನಿ, ತೆರೆದ ತಾರಸಿ ಸೇರುವುದಿಲ್ಲ. ಇದರ ಚದರಡಿಗೆ ಎಷ್ಟು ಬಿತ್ತು ಎಂದು ನೋಡಿ. ಜೊತೆಗೆ ನಿಮ್ಮ ಹೆಸರಿಗೆ ಬರುವ ಅವಿಭಜಿತ ಜಾಗ (ಇಡೀ ನೆಲದಲ್ಲಿ ನಿಮ್ಮ ಪಾಲು) ಎಷ್ಟು ಚದರಡಿ ಎಂದು ಕ್ರಯಪತ್ರದ ಷೆಡ್ಯೂಲಿನಲ್ಲಿ ಓದಿ. ವರ್ಷ ಕಳೆದಂತೆ ಬೆಲೆ ಏರುವುದು ಜಾಗಕ್ಕೆ. ಕಟ್ಟಡ ಹಳೆಯದಾಗುತ್ತಲೇ ಹೋಗುತ್ತದೆ.

ಸಾಲದ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಮಿತಿ ಹೀಗಿದೆ: 30 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ 90, 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ಆ ಮೌಲ್ಯದಲ್ಲಿ ನೋಂದಣಿ ಖರ್ಚು ಸಾಮಾನ್ಯವಾಗಿ ಸೇರುವುದಿಲ್ಲ, ಅದು ನಿಮ್ಮ ಕೈಯಿಂದಲೇ. ಕಟ್ಟಡದ ಸಾಲವನ್ನು ಬ್ಯಾಂಕು ಪಾಯ, ಲಿಂಟಲ್, ಮೋಲ್ಡ್ (ಚಾವಣಿಯ ಕಾಂಕ್ರೀಟ್), ಫಿನಿಶಿಂಗ್ ಎಂದು ಹಂತ ಹಂತವಾಗಿ, ಆ ಹಂತದ ಕೆಲಸ ಮುಗಿದ ಮೇಲೆ ಬಿಡುತ್ತದೆ. ಹಾಗಾಗಿ ಯಾವಾಗಲೂ ಒಂದು ಹಂತದ ಹಣ ನಿಮ್ಮ ಬಳಿ ಇರಬೇಕು. ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ, ನಿಂತ ಕೆಲಸಕ್ಕೆ ಅದೇ ಆಳುಗಳು ಮತ್ತೆ ಸಿಗುವುದು ಕಷ್ಟ. ಹಳೇ ಮನೆ ಮಾರಿದ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಿದ್ದರೆ ಕೊಳ್ಳಲು 2 ವರ್ಷ, ಕಟ್ಟಿ ಮುಗಿಸಲು 3 ವರ್ಷ ಗಡುವು.

ಸೈಟಿನ ಕಾಗದ ಮತ್ತು ಸೈಟಿನ ನೆಲ

ಮೂಲಪತ್ರದಿಂದ ಇಂದಿನ ಮಾಲೀಕರವರೆಗೆ ಕೊಂಡಿ ಎಲ್ಲೂ ತಪ್ಪಿರಬಾರದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ವ್ಯವಹಾರಗಳಿದ್ದರೆ ಫಾರಂ 15ರಲ್ಲಿ ಬರುತ್ತವೆ, ಏನೂ ಇಲ್ಲದಿದ್ದರೆ ಫಾರಂ 16. ಮಾರುವವರು ತೋರಿಸಿದ ಪ್ರತಿ ಪತ್ರವೂ ಫಾರಂ 15ರಲ್ಲಿ ಕಾಣಬೇಕು, ಅದರಲ್ಲಿ ಕಂಡ ಪ್ರತಿ ಅಡಮಾನಕ್ಕೂ ತೀರುವಳಿ ಪತ್ರ ಇರಬೇಕು. ಕೃಷಿ ಜಮೀನಾಗಿದ್ದರೆ ಭೂ ಪರಿವರ್ತನೆ ಆದೇಶ ಮತ್ತು ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ ಎರಡೂ ಬೇಕು. ಪರಿವರ್ತನೆ ಆಗಿದೆ, ಬಡಾವಣೆಗೆ ಒಪ್ಪಿಗೆ ಇಲ್ಲ ಎನ್ನುವ ಸೈಟುಗಳೇ ಹೆಚ್ಚು ಜನರನ್ನು ಸಿಕ್ಕಿಸುವುದು. ಆಸ್ತಿ ನೋಂದಣಿಗೆ ಈಗ ಇ-ಖಾತಾ (ಸ್ಥಳೀಯ ಸಂಸ್ಥೆಯ ಆನ್‌ಲೈನ್ ಆಸ್ತಿ ದಾಖಲೆ) ಕಡ್ಡಾಯ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ಫಾರಂ 9 ಮತ್ತು 11. ಬಿ ಖಾತಾ (ಅನುಮತಿಗಳು ಪೂರ್ತಿ ಇಲ್ಲದ ಆಸ್ತಿಯ ದಾಖಲೆ) ಸೈಟನ್ನು "ಆಮೇಲೆ ಎ ಖಾತಾ ಮಾಡಿಸಿಕೊಳ್ಳಬಹುದು" ಎಂದು ಮಾರಿದರೆ, ಮಾಡಿಸಿದ ಮೇಲೆ ಬನ್ನಿ ಎನ್ನಿ.

ಪಿತ್ರಾರ್ಜಿತ ಆಸ್ತಿಯಾಗಿದ್ದರೆ ವಂಶವೃಕ್ಷ ತರಿಸಿ, ಅದರಲ್ಲಿರುವ ಹೆಣ್ಣುಮಕ್ಕಳ ಸಹಿ ಹಿಂದಿನ ಕ್ರಯಪತ್ರಗಳಲ್ಲಿ ಇದೆಯೇ ನೋಡಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಬಳಿಕ ಅವರಿಗೂ ಸಮಪಾಲು. ವರ್ಷಗಳಾದ ಮೇಲೆ ಪಾಲಿನ ದಾವೆ ಬರುವುದು ಹೀಗೆ ಬಿಟ್ಟುಹೋದ ಸಹಿಯಿಂದ. ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ್ದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಆದ ಮಾರಾಟ ರದ್ದಾಗಬಹುದು. ಹಳೇ ಪಹಣಿಯಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟಿತ್ತು, ಗ್ರಾಮ ನಕ್ಷೆಯಲ್ಲಿ ರಾಜಕಾಲುವೆ ಎಲ್ಲಿ ಹರಿದಿದೆ ಎಂಬುದನ್ನು ನಿಮ್ಮದೇ ವಕೀಲರಿಂದ ನೋಡಿಸಿ. ಮಾರುವವರು ತೋರಿಸಿದ ವಕೀಲರು ಬೇಡ. ಬ್ಯಾಂಕು ಸಾಲ ಒಪ್ಪಿದೆ ಎಂಬುದು ಹಕ್ಕುಪತ್ರ ಸರಿಯಿದೆ ಎಂಬುದಕ್ಕೆ ಖಾತರಿಯಲ್ಲ.

ಮುಂಗಡ ಕೊಡುವ ಮುಂಚೆ ಟೇಪು ಹಿಡಿದು ಅಳೆಯಿರಿ. 30x40 ಸೈಟು ಮೂಲೆಗೆ ಸರಿಯಿದ್ದರೆ ಎರಡೂ ಕರ್ಣ ಕರಾರುವಾಕ್ಕಾಗಿ 50 ಅಡಿ ಬರುತ್ತವೆ. ಒಂದು 49, ಇನ್ನೊಂದು 51 ಬಂತೆಂದರೆ ಸೈಟು ಓರೆಯಾಗಿದೆ ಅಥವಾ ಪಕ್ಕದವರ ಕಾಂಪೌಂಡ್ ಒಳಗೆ ಬಂದಿದೆ. ಇದನ್ನು ಸರ್ವೆ ಮಾಡಿಸಿ ಬಗೆಹರಿಸುವುದು ಮಾರುವವರ ಕೆಲಸ.

ನೆಲದ ಗುಣ ಊರಿಂದ ಊರಿಗೆ ಬೇರೆ. ಬೆಂಗಳೂರು, ಮೈಸೂರಿನ ಕೆಂಪು ಮಣ್ಣಿನಲ್ಲಿ 5 ಅಡಿ ಆಸುಪಾಸಿನಲ್ಲಿ ಗಟ್ಟಿ ನೆಲ ಸಿಗುವುದು ಸಾಮಾನ್ಯ, ಆದರೆ ಹಳೇ ಕೆರೆಯಂಗಳ ಅಥವಾ ತುಂಬಿದ ಕ್ವಾರಿಯಾದರೆ ಆ ಮಾತು ನಿಲ್ಲುವುದಿಲ್ಲ. ಧಾರವಾಡ, ಗದಗ, ವಿಜಯಪುರದ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಮಾಮೂಲಿ ಪಾಯ ಹಾಕಿದ ಮನೆಯ ಗೋಡೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಅಲ್ಲಿ ಗರಸು ಸಿಗುವವರೆಗೆ ಅಗೆಯಬೇಕು ಅಥವಾ ಎಂಜಿನಿಯರ್ ಹೇಳಿದಂತೆ ಪೈಲ್ ಹಾಕಿಸಬೇಕು. ಮಣ್ಣಿನ ಪರೀಕ್ಷೆಗೆ ಆಗುವ ಖರ್ಚು ಇಡೀ ಮನೆಯ ಖರ್ಚಿನ ಮುಂದೆ ಏನೇನೂ ಅಲ್ಲ, ಅದನ್ನು ಬಿಡಬೇಡಿ.

ಗುತ್ತಿಗೆ ಬರೆಯುವಾಗ

ಕೂಲಿ ಗುತ್ತಿಗೆಯಲ್ಲಿ ಸಾಮಾನೆಲ್ಲ ನೀವು ತರಬೇಕು. ಗುಣಮಟ್ಟ ನಿಮ್ಮ ಕೈಯಲ್ಲಿರುತ್ತದೆ, ಓಡಾಟವೂ ನಿಮ್ಮದೇ. ಸಾಮಾನು ಸಮೇತ ಗುತ್ತಿಗೆಯಲ್ಲಿ ಓಡಾಟ ಕಡಿಮೆ, ಆದರೆ ಸಿಮೆಂಟ್ ಚೀಲ ಮಿಗಿಸಿದಷ್ಟೂ ಗುತ್ತಿಗೆದಾರನಿಗೆ ಲಾಭ. ಇದಕ್ಕಿರುವ ಮದ್ದು, ಎಷ್ಟು ಸಾಮಾನು ಹಿಡಿಯುತ್ತದೆಂದು ನೀವು ಮೊದಲೇ ಅರಿತಿರುವುದು. ಎರಡು ಅಂತಸ್ತಿನ ಮಾಮೂಲಿ ಮನೆಗೆ ಚದರಡಿಗೆ ಸುಮಾರು 0.4 ಚೀಲ ಸಿಮೆಂಟ್, 3.5ರಿಂದ 4 ಕೆಜಿ ಕಂಬಿ ಹಿಡಿಯುತ್ತದೆ. 17 ಚದರಕ್ಕೆ 680 ಚೀಲ, 6ರಿಂದ 7 ಟನ್. ಲೆಕ್ಕ ಇದಕ್ಕಿಂತ ತೀರಾ ಕೆಳಗಿಳಿದರೆ ಎಂಜಿನಿಯರ್‌ನನ್ನು ಕರೆದು ಕಾರಣ ಕೇಳಿ.

ಕರಾರಿನಲ್ಲಿ ಬ್ರ್ಯಾಂಡು, ಗ್ರೇಡು, ಅಳತೆ ಇರಬೇಕು. "ಒಳ್ಳೆಯ ಗುಣಮಟ್ಟದ ಟೈಲ್ಸ್" ಎಂಬ ಮಾತಿಗೆ ಬೆಲೆಯಿಲ್ಲ, "ಚದರಡಿಗೆ ಇಷ್ಟು ರೂಪಾಯಿವರೆಗಿನ ಟೈಲ್ಸ್" ಎಂದಿರಬೇಕು. ಹಣದ ಕಂತು ಇನ್ನೂ ಮುಖ್ಯ. ಕಾಂಕ್ರೀಟು, ಗೋಡೆ, ಮೋಲ್ಡ್ ಸೇರಿ ಒಟ್ಟು ಖರ್ಚಿನ ಹೆಚ್ಚುಕಡಿಮೆ ಅರ್ಧ. ಉಳಿದರ್ಧ ಪ್ಲಾಸ್ಟರ್, ನೆಲ, ಬಾಗಿಲು, ವೈರಿಂಗ್, ಬಣ್ಣದ್ದು. ಮೋಲ್ಡ್ ಮುಗಿಯುವಷ್ಟರಲ್ಲಿ ಶೇ 75 ಕೊಟ್ಟಿದ್ದರೆ ಗುತ್ತಿಗೆದಾರನಿಗೆ ಮುಂದಿನ ಕೆಲಸದಲ್ಲಿ ನಷ್ಟವೇ ಹೊರತು ಲಾಭವಿಲ್ಲ. ಅರ್ಧಕ್ಕೆ ನಿಂತಿರುವ ಮನೆಗಳಲ್ಲಿ ಬಹಳಷ್ಟು ನಿಂತಿರುವುದು ಈ ಹಂತದಲ್ಲೇ. ಮುಂಗಡ ಶೇ 5, ಮುಂದಿನದೆಲ್ಲ ಮುಗಿದ ಕೆಲಸಕ್ಕೆ, ಕೊನೆಯ ಶೇ 5 ಒಂದು ಮಳೆಗಾಲ ಕಳೆದ ಮೇಲೆ. ಇದಕ್ಕೆ ಒಪ್ಪದ ಗುತ್ತಿಗೆದಾರ ಬೇಡ.

ನಕ್ಷೆಯ ಬಗ್ಗೆ ಒಂದೇ ಮಾತು. ವಾಸ್ತು ನೋಡಿಸುವುದಿದ್ದರೆ ಮಂಜೂರಾತಿಗೆ ಹಾಕುವ ಮುಂಚೆಯೇ ನೋಡಿಸಿ, ಮಂಜೂರಾದ ಮೇಲೆ ಬಿಟ್ಟ ಖಾಲಿ ಜಾಗವನ್ನು ಒಂದಡಿಯೂ ಒತ್ತಬೇಡಿ. ಒಸಿ ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. ಆಮೇಲೆ ರಾಜ್ಯದಲ್ಲಿ 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ವಿನಾಯಿತಿ ಸಿಕ್ಕಿದ್ದರೂ ಅದಕ್ಕೆ ಅಂತಸ್ತಿನ ಮಿತಿಯಿದೆ. ಆಸೆಗೆ ಬಿದ್ದು ಇನ್ನೊಂದು ಮಹಡಿ ಏರಿಸಿದರೆ ಆ ರಕ್ಷಣೆ ಹೋಗುತ್ತದೆ.

ಮುಚ್ಚುವ ಮುಂಚೆ ನೋಡಬೇಕಾದ್ದು

ಪಾಯದ ಗುಂಡಿ ತೋಡಿದ ದಿನ ಎಂಜಿನಿಯರ್ ಗುಂಡಿಯೊಳಗೆ ಇಳಿದು ನೆಲ ಒಪ್ಪಬೇಕು. ಸಡಿಲ ಮಣ್ಣು ತೆಗೆದು, ನೀರು ಹಾಕಿ ದಮ್ಮಸು ಮಾಡಿ, ಗೆದ್ದಲು ಮದ್ದು ಹೊಡೆಸಿ, 4 ಇಂಚು ಪಿಸಿಸಿ (ಕಂಬಿಯಿಲ್ಲದ ಕಾಂಕ್ರೀಟ್) ಹಾಕಿದ ಮೇಲಷ್ಟೇ ಕಂಬಿಯ ಜಾಲರಿ ಇಡಬೇಕು. ಕಂಬಿಗೂ ಕಾಂಕ್ರೀಟಿನ ಹೊರಮೈಗೂ ನಡುವೆ ಬಿಡುವ ಅಂತರವನ್ನು ಕವರ್ ಎನ್ನುತ್ತಾರೆ. ಫುಟಿಂಗಿಗೆ (ಕಂಬದ ತಳಪಾಯಕ್ಕೆ) 50 ಮಿಮೀ, ಕಂಬಕ್ಕೆ 40, ಬೀಮಿಗೆ 25, ಸ್ಲ್ಯಾಬಿಗೆ 20. ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟರೆ ಕಾಂಕ್ರೀಟ್ ಸುರಿಯುವಾಗ ಅದು ಜಾರಿ ಕಂಬಿ ಹಲಗೆಗೆ ಕೂರುತ್ತದೆ. ಕೆಲ ವರ್ಷಗಳಲ್ಲಿ ಆ ಕಂಬಿ ತುಕ್ಕು ಹಿಡಿದು ಉಬ್ಬಿ ಚಾವಣಿಯ ಗಾರೆಯನ್ನು ಚಕ್ಕೆ ಚಕ್ಕೆಯಾಗಿ ಕೆಡವುತ್ತದೆ.

ಕಂಬಿ ಬಂದ ದಿನ ತೂಗಿ. 12 ಎಂಎಂ ಕಂಬಿ ಮೀಟರಿಗೆ 0.888 ಕೆಜಿ ಬರಬೇಕು, 12 ಮೀಟರ್ ಉದ್ದದ ಒಂದು ಕಂಬಿ 10.66 ಕೆಜಿ. 8 ಎಂಎಂ 0.395, 10 ಎಂಎಂ 0.617, 16 ಎಂಎಂ 1.58. ಬೇರೆ ಅಳತೆಗೆ ಮಿಲಿಮೀಟರ್ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ. ಕಂಬದ ರಿಂಗುಗಳ ತುದಿ 90 ಡಿಗ್ರಿಗೆ ಮಡಚಿ ಬಿಟ್ಟಿದ್ದರೆ ಒಪ್ಪಬೇಡಿ, 135 ಡಿಗ್ರಿಗೆ ಒಳಮುಖವಾಗಿ ಬಗ್ಗಿರಬೇಕು. ಭಾರ ಬಿದ್ದಾಗ 90 ಡಿಗ್ರಿಯ ಕೊಂಡಿ ಬಿಚ್ಚಿಕೊಳ್ಳುತ್ತದೆ.

ಗೋಡೆಗೆ ಹೊರಗೆ 6 ಇಂಚು, ಒಳಗೆ 4 ಇಂಚಿನ ಸಾಲಿಡ್ ಬ್ಲಾಕ್ ಬೆಂಗಳೂರಿನ ರೂಢಿ. ಕರಾವಳಿಯಲ್ಲಿ ಕೆಂಪುಕಲ್ಲು. ಬ್ಲಾಕನ್ನು ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಟ್ಟು ನೋಡಿ, ಚೂರಾದರೆ ಲಾರಿ ವಾಪಸ್ ಕಳಿಸಿ. ಒಂದು ದಿನದಲ್ಲಿ 5 ಅಡಿಗಿಂತ ಎತ್ತರ ಕಟ್ಟಿಸಬಾರದು, ಹಸಿ ಗಾರೆ ಭಾರಕ್ಕೆ ಕುಸಿದು ಗೋಡೆ ತೂಕ ತಪ್ಪುತ್ತದೆ. ತೂಗುಗುಂಡು, ರಸಮಟ್ಟ ಹಿಡಿದು ನೀವೇ ನೋಡಬಹುದು, ಇದಕ್ಕೆ ಎಂಜಿನಿಯರ್ ಬೇಕಿಲ್ಲ.

ಮೋಲ್ಡ್ ಹಾಕುವ ದಿನಕ್ಕೆ ರಜೆ ಹಾಕಿ. ಇಡೀ ಕಟ್ಟಡದಲ್ಲಿ ಅತಿ ಹೆಚ್ಚು ತಪ್ಪು, ಅತಿ ಕಡಿಮೆ ಹೊತ್ತಿನಲ್ಲಿ ಆಗುವುದು ಅಂದೇ. ಹಿಂದಿನ ಸಂಜೆ ಎಂಜಿನಿಯರ್ ಕಂಬಿ ನೋಡಿ ಬರಹದಲ್ಲಿ ಒಪ್ಪಿಗೆ ಕೊಟ್ಟಿರಬೇಕು. ಮೇಲಿನ ಕಂಬಿ ಕೆಳಗೆ ಕೂರದಂತೆ ಚೇರ್ ಇಟ್ಟಿದೆಯೇ, ಕರೆಂಟ್ ಪೈಪು ಎರಡು ಕಂಬಿ ಸಾಲುಗಳ ನಡುವೆ ಹೋಗಿದೆಯೇ, ಫ್ಯಾನ್ ಬಾಕ್ಸ್ ಕೋಣೆಯ ನಡುವಿಗೆ ಬಂದಿದೆಯೇ, ಬಾತ್‌ರೂಮಿನ ಸ್ಲ್ಯಾಬ್ ತಗ್ಗಿಸಿದೆಯೇ, ಸೆಂಟ್ರಿಂಗ್ ಹಲಗೆಗಳ ಸಂದಿಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಬೆಳಕು ಕಂಡಲ್ಲಿ ಸಿಮೆಂಟ್ ಹಾಲು ಸೋರಿ ಜಲ್ಲಿ ಮಾತ್ರ ಉಳಿಯುತ್ತದೆ. ಎರಡನೇ ವೈಬ್ರೇಟರ್, ಮಳೆ ಬಂದರೆ ಹೊದಿಸಲು ಟಾರ್ಪಾಲು ಸೈಟಿನಲ್ಲಿರಬೇಕು.

850 ಚದರಡಿಯ 5 ಇಂಚು ಸ್ಲ್ಯಾಬಿಗೆ ಸುಮಾರು 10 ಘನ ಮೀಟರ್ ಕಾಂಕ್ರೀಟ್ ಬೇಕು, ಎಂ20 ಮಿಶ್ರಣಕ್ಕೆ ಘನ ಮೀಟರಿಗೆ 8 ಚೀಲದಂತೆ 80 ಚೀಲ. ಬೀಮುಗಳಿಗೆ ಬೇರೆ. ಖಾಲಿ ಚೀಲಗಳನ್ನು ಒಂದು ಕಡೆ ಹಾಕಿಸಿ ಎಣಿಸಿ. ಎಂ20ರ ಅಳತೆ 1:1.5:3, ಅಂದರೆ ಒಂದು ಚೀಲ ಸಿಮೆಂಟಿಗೆ ಒಂದೂವರೆ ಪೆಟ್ಟಿಗೆ ಎಂ ಸ್ಯಾಂಡ್, ಮೂರು ಪೆಟ್ಟಿಗೆ ಜಲ್ಲಿ. ಪೆಟ್ಟಿಗೆಯ ಒಳ ಅಳತೆ ಒಂದಡಿ, ಒಂದಡಿ, ಒಂದೂಕಾಲಡಿ ಇದ್ದರೆ ಒಂದು ಚೀಲ ಸಿಮೆಂಟಿನ ಗಾತ್ರಕ್ಕೆ ಸರಿಹೋಗುತ್ತದೆ. ಬಾಂಡ್ಲಿ ಲೆಕ್ಕದಲ್ಲಿ ಮಧ್ಯಾಹ್ನದ ಹೊತ್ತಿಗೆ ಜಲ್ಲಿ ಬಾಂಡ್ಲಿ ತುಂಬಿ ತುಳುಕುತ್ತಿರುತ್ತದೆ, ಬೆಳಗಿನ ಅಳತೆ ಉಳಿದಿರುವುದಿಲ್ಲ. ನೀರು ಚೀಲಕ್ಕೆ 30 ಲೀಟರ್ ಮೀರಬಾರದು. ಮಿಲ್ಲರ್ (ಕಾಂಕ್ರೀಟ್ ಕಲಸುವ ಯಂತ್ರ) ನಡೆಸುವವರು ಕಾಂಕ್ರೀಟ್ ಸಲೀಸಾಗಿ ಹರಿಯಲೆಂದು ಪೈಪು ಬಿಟ್ಟುಬಿಡುತ್ತಾರೆ. ಹೆಚ್ಚಾದ ನೀರು ಆರಿದ ಮೇಲೆ ಅದಿದ್ದ ಜಾಗ ಸಣ್ಣ ರಂಧ್ರಗಳಾಗಿ ಉಳಿದು ಬಲವೂ ಕುಗ್ಗುತ್ತದೆ, ತಾರಸಿಯೂ ಸೋರುತ್ತದೆ. ಹಾಗಾಗಿ ಪೈಪು ತೆಗೆಸಿ ಅಳತೆಯ ಬಕೆಟ್ ಇಡಿಸಿ. ರೆಡಿಮಿಕ್ಸ್ ತರಿಸುವುದಾದರೆ ಚೀಟಿಯಲ್ಲಿ ಲೋಡ್ ಆದ ಸಮಯ ನೋಡಿ, 2 ಗಂಟೆಯೊಳಗೆ ಸುರಿದು ಮುಗಿಯಬೇಕು. ಸೈಟಿಗೆ ಬಂದ ಲಾರಿಗೆ ನೀರು ಬೆರೆಸಲು ಬಿಡಬೇಡಿ. 150 ಎಂಎಂ ಕ್ಯೂಬ್‌ಗಳನ್ನು ತುಂಬಿಸಿಟ್ಟು 7 ಮತ್ತು 28 ದಿನಕ್ಕೆ ಲ್ಯಾಬಿನಲ್ಲಿ ಒಡೆಸಿ.

ಮರುದಿನದಿಂದ ತಾರಸಿಯಲ್ಲಿ ಗಾರೆಯ ಚಿಕ್ಕ ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಒಪಿಸಿ (ಸಾದಾ) ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ ಪಿಪಿಸಿಗೆ (ಹಾರುಬೂದಿ ಬೆರೆತದ್ದಕ್ಕೆ) ಕನಿಷ್ಠ 10 ದಿನ. ಕಂಬಗಳಿಗೆ ಗೋಣಿಚೀಲ ಸುತ್ತಿ ಒದ್ದೆ ಇಡಿ, ಎಲ್ಲರೂ ಮರೆಯುವುದು ಕಂಬಗಳನ್ನೇ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರಿನೊಳಗಿನ ಸ್ಲ್ಯಾಬಿನ ಪ್ರಾಪುಗಳನ್ನು (ಕೆಳಗೆ ಕೊಟ್ಟ ಆಸರೆಗಳನ್ನು) ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ತೆಗೆಯುವಂತಿಲ್ಲ. ಬೀಮಿನ ಕೆಳಗಿನವು 14 ದಿನ, 6 ಮೀಟರ್ ದಾಟಿದರೆ 21 ದಿನ ಇರಬೇಕು. ಬಾಡಿಗೆ ಹಲಗೆ ಬೇಗ ವಾಪಸ್ ಕೊಡಬೇಕೆಂಬ ಆತುರ ಮೇಸ್ತ್ರಿಗಿರುತ್ತದೆ, ನಿಮಗಿರಬಾರದು.

ಪ್ಲಾಸ್ಟರ್ ಮಾಡುವ ಮುಂಚೆ ಪ್ರತಿ ಗೋಡೆಯ ಮುಂದೆ ಟೇಪು ಹಿಡಿದು ವೈರಿನ ಪೈಪು, ನೀರಿನ ಪೈಪುಗಳ ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಇದೇ ನಿಮ್ಮ ನಕ್ಷೆ. ನೀರಿನ ಪೈಪಿಗೆ ಒತ್ತಡ ಹಾಕಿ ಒಂದು ರಾತ್ರಿ ಬಿಡಿ. ಕಾಂಕ್ರೀಟ್ ಕಂಬ ಮತ್ತು ಬ್ಲಾಕ್ ಗೋಡೆ ಸೇರುವ ಗೆರೆಗೆ ಕೋಳಿ ಬಲೆ ಬಡಿಸದಿದ್ದರೆ ಮೊದಲ ಬೇಸಿಗೆಗೇ ನೇರ ಬಿರುಕು ಕಾಣುತ್ತದೆ. ಬಾತ್‌ರೂಮಿನ ತಗ್ಗಿಗೆ ವಾಟರ್‌ಪ್ರೂಫಿಂಗ್ ಮಾಡಿ, ಟೈಲ್ಸ್ ಹಾಕುವ ಮುಂಚೆ 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಚಾವಣಿ ನೋಡಿ. ತಾರಸಿಗೆ 100 ಅಡಿಗೆ ಒಂದಡಿ ಇಳಿಜಾರು ಬೇಕು. ಬೆಂಗಳೂರಿನಲ್ಲಿ 30x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾದ್ದರಿಂದ ಆ ಪೈಪನ್ನೂ ಆಗಲೇ ಇಳಿಸಿ. ಗೀಸರಿಗೆ 4 ಚದರ ಮಿಮೀ ವೈರು, ಇಡೀ ಮನೆಗೆ ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಜೀವದ ವಿಷಯ, ಇಲ್ಲಿ ಉಳಿತಾಯ ನೋಡಬೇಡಿ.

ಫ್ಲ್ಯಾಟ್ ಅಥವಾ ವಿಲ್ಲಾ ಕೊಳ್ಳುವುದಾದರೆ

500 ಚದರ ಮೀಟರ್ ಮೀರಿದ ಜಾಗ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆ ರೇರಾದಲ್ಲಿ ನೋಂದಣಿಯಾಗಿರಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿ ಮಂಜೂರಾದ ನಕ್ಷೆ, ಮುಗಿಸುವ ದಿನಾಂಕ, ಬಿಲ್ಡರ್ ಮೇಲಿನ ದೂರುಗಳನ್ನು ನೋಡಿ. ಬ್ರೋಷರಿನಲ್ಲಿ ತೋರಿಸಿದ ಈಜುಕೊಳ ಆ ನಕ್ಷೆಯಲ್ಲಿ ಇಲ್ಲದಿದ್ದರೆ ಅದನ್ನು ನಂಬಿ ಹಣ ಕೊಡಬೇಡಿ. ಮಾರಾಟದ ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವ ಹಕ್ಕು ಬಿಲ್ಡರ್‌ಗಿಲ್ಲ. ಖರೀದಿದಾರರಿಂದ ಬಂದ ಹಣದಲ್ಲಿ ಶೇ 70 ಆ ಯೋಜನೆಯದೇ ಪ್ರತ್ಯೇಕ ಖಾತೆಯಲ್ಲಿರಬೇಕು. ಹಾಗಾಗಿ ಚೆಕ್ ಯಾವ ಖಾತೆಯ ಹೆಸರಿಗೆ ಎಂದು ನೋಡಿಕೊಂಡೇ ಬರೆಯಿರಿ.

ಕರಾರಿನಲ್ಲಿ ಹಸ್ತಾಂತರದ ದಿನಾಂಕ ಸ್ಪಷ್ಟವಾಗಿರಬೇಕು. ತಡವಾದರೆ ಬಿಲ್ಡರ್ ಕೊಡುವ ಬಡ್ಡಿ ಮತ್ತು ನೀವು ತಡ ಮಾಡಿದರೆ ಕೊಡುವ ಬಡ್ಡಿ ಒಂದೇ ದರದಲ್ಲಿರಬೇಕು, ಕಾಯ್ದೆ ಹೇಳುವುದೂ ಅದನ್ನೇ. "ಒಸಿ ಬರುತ್ತದೆ, ಅಷ್ಟರಲ್ಲಿ ಕೀಲಿ ತಗೊಂಡು ಇಂಟೀರಿಯರ್ ಶುರು ಮಾಡಿ" ಎನ್ನುವುದು ಎಲ್ಲೆಡೆ ಕೇಳುವ ಮಾತು. ಒಸಿ ಇಲ್ಲದೆ ಹೋದರೆ ಕಾಯಂ ವಿದ್ಯುತ್, ಕಾವೇರಿ ನೀರು ಎರಡಕ್ಕೂ ಕಾಯಬೇಕು. ಒಳಗೆ ಕಾಲಿಟ್ಟ ಮೇಲೆ ಬಿಲ್ಡರ್‌ಗೆ ಅವಸರವೂ ಇರುವುದಿಲ್ಲ.

ಕೀಲಿ ತೆಗೆದುಕೊಳ್ಳುವ ದಿನ ಟೇಪು, ಒಂದು ನಾಣ್ಯ, ಒಂದು ಬಕೆಟ್, ಮೊಬೈಲ್ ಚಾರ್ಜರ್ ಒಯ್ಯಿರಿ. ಕೋಣೆಗಳನ್ನು ಅಳೆದು ಕಾರ್ಪೆಟ್ ಏರಿಯಾಗೆ ಹೋಲಿಸಿ. ನಾಣ್ಯದಿಂದ ಟೈಲ್ಸ್ ತಟ್ಟಿ, ಟೊಳ್ಳು ಸದ್ದು ಬಂದ ಟೈಲಿನ ಮೇಲೆ ಚಾಕಿನಲ್ಲಿ ಗುರುತು ಹಾಕಿ. ಬಾತ್‌ರೂಮಿನ ಮೂಲೆಗೆ ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ ನೋಡಿ. ಪ್ರತಿ ಪ್ಲಗ್‌ಗೂ ಚಾರ್ಜರ್ ಹಾಕಿ. ಸಾಧ್ಯವಾದರೆ ಜೋರು ಮಳೆಯ ಮರುದಿನವೇ ಹೋಗಿ, ಕಿಟಕಿ ಚೌಕಟ್ಟಿನ ಸುತ್ತ ತೇವ ಆಗಷ್ಟೇ ಕಾಣುವುದು. ಕಂಡದ್ದನ್ನೆಲ್ಲ ಇಮೇಲ್ ಮಾಡಿ. ಹಸ್ತಾಂತರದಿಂದ 5 ವರ್ಷದೊಳಗೆ ಕಟ್ಟಡದ ಅಥವಾ ಕೆಲಸದ ದೋಷ ಕಂಡರೆ ತಿಳಿಸಿದ 30 ದಿನದಲ್ಲಿ ಬಿಲ್ಡರ್ ನಿಮಗೆ ಖರ್ಚಿಲ್ಲದೆ ಸರಿಪಡಿಸಬೇಕು. ಫೋನಿನಲ್ಲಿ ಹೇಳಿದ್ದಕ್ಕೆ ಈ 30 ದಿನ ಎಣಿಸಲು ದಾಖಲೆ ಇರುವುದಿಲ್ಲ.

ಬಡಾವಣೆಯಲ್ಲಿ ಕಟ್ಟಿ ಮಾರುವ ಒಂಟಿ ಮನೆ

20x30, 30x40 ಸೈಟಿನಲ್ಲಿ ಕಟ್ಟಿ, ಬಣ್ಣ ಬಳಿದು, "ಹೊಸ ಮನೆ ಮಾರಾಟಕ್ಕಿದೆ" ಎಂದು ಬೋರ್ಡು ಹಾಕಿದ ಮನೆಗಳಲ್ಲಿ ಅತಿ ಹೆಚ್ಚು ಎಚ್ಚರ ಬೇಕು. ಇಲ್ಲಿ ಸಾಮಾನ್ಯವಾಗಿ ರೇರಾ ನೋಂದಣಿ ಇರುವುದಿಲ್ಲ, ಕಟ್ಟುವಾಗ ನಿಮ್ಮ ಪರ ನೋಡಿದವರೂ ಇಲ್ಲ. ಕಟ್ಟಿದವರು ಲಾಭ ನೋಡುವುದು ಕಣ್ಣಿಗೆ ಕಾಣದ ಕಡೆಯೇ.

ಮಂಜೂರಾದ ನಕ್ಷೆ ಕೇಳಿ, ಅಂತಸ್ತು ಮತ್ತು ಸುತ್ತ ಬಿಟ್ಟ ಜಾಗವನ್ನು ಅದರೊಂದಿಗೆ ಹೋಲಿಸಿ. ಎರಡಕ್ಕೆ ಅನುಮತಿ ಪಡೆದು ನಾಲ್ಕು ಕಟ್ಟಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ ಹಿಂದೆ ಸರಿಯಿರಿ, ಮೇಲಿನ ಎರಡಕ್ಕೆ ಪಾಯ ಲೆಕ್ಕ ಹಾಕಿಯೇ ಇರಲಿಕ್ಕಿಲ್ಲ. ಸ್ಟ್ರಕ್ಚರಲ್ ಡ್ರಾಯಿಂಗ್, ಪಾಯ ಮತ್ತು ಮೋಲ್ಡಿನ ಕಂಬಿಯ ಫೋಟೋ ಕೇಳಿ. ಇಟ್ಟುಕೊಂಡವರು ಸಂತೋಷವಾಗಿ ತೋರಿಸುತ್ತಾರೆ. ಇಲ್ಲವೆಂದರೆ ನಿಮ್ಮ ಖರ್ಚಿನಲ್ಲಿ ಎಂಜಿನಿಯರ್ ಕರೆದು ರಿಬೌಂಡ್ ಹ್ಯಾಮರಿನಲ್ಲಿ ಕಾಂಕ್ರೀಟ್, ಸ್ಕ್ಯಾನರಿನಲ್ಲಿ ಕಂಬಿ ನೋಡಿಸಿ. ಅದಕ್ಕೆ ಮಾರುವವರು ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಹೊಸ ಬಣ್ಣದ ನಡುವೆ ಒಂದೇ ಗೋಡೆಗೆ ಮಾತ್ರ ಪುಟ್ಟಿ ದಪ್ಪಗಿದ್ದರೆ, ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಬಣ್ಣ ಉಬ್ಬಿದ್ದರೆ ಕಾರಣ ಹುಡುಕಿ. ಸಂಪಿನ ಮುಚ್ಚಳ ತೆಗೆದು ಸಂಜೆ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿ. ಬೋರ್‌ವೆಲ್ ಇದೆ ಎಂದರೆ ಒಂದು ಗಂಟೆ ಮೋಟಾರು ಓಡಿಸಿ ನೀರು ನಿಲ್ಲದೆ ಬರುತ್ತದೆಯೇ ನೋಡಿ.

ಕಟ್ಟಿದವರು ಆ ಸೈಟಿನ ಮೇಲೆ ಸಾಲ ಮಾಡಿರುವುದು ಸಾಮಾನ್ಯ. ಕ್ರಯದ ದಿನ ನಿಮ್ಮ ಚೆಕ್ ನೇರ ಅವರ ಸಾಲದ ಖಾತೆಗೆ ಹೋಗಿ, ಬ್ಯಾಂಕಿನಿಂದ ಮೂಲಪತ್ರ ನಿಮ್ಮ ಕೈಗೆ ಬರುವಂತೆ ವ್ಯವಸ್ಥೆ ಮಾಡಿಕೊಳ್ಳಿ. ನೋಂದಣಿಯಾದ ಮೇಲೆ ಇ-ಖಾತಾ, ಕರೆಂಟ್ ಮೀಟರು, ನೀರಿನ ಸಂಪರ್ಕ, ಆಸ್ತಿ ತೆರಿಗೆ ನಾಲ್ಕನ್ನೂ ನಿಮ್ಮ ಹೆಸರಿಗೆ ಮಾಡಿಸಿ, ಹಳೇ ಬಾಕಿ ಇಲ್ಲವೆಂಬ ರಸೀದಿಗಳನ್ನು ಕ್ರಯಪತ್ರದ ಜೊತೆಗೇ ಇಡಿ. ಹೊರದೇಶದಲ್ಲಿದ್ದು ಊರಿನವರಿಗೆ ಅಧಿಕಾರ ಪತ್ರ ಕೊಟ್ಟು ಇದನ್ನೆಲ್ಲ ಮಾಡಿಸುವವರು, ಅಲ್ಲಿ ಸಹಿ ಮಾಡಿ ದೃಢೀಕರಿಸಿದ ಪತ್ರ ಭಾರತಕ್ಕೆ ತಲುಪಿದ 3 ತಿಂಗಳೊಳಗೆ ಅದಕ್ಕೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆ ಪತ್ರದಲ್ಲಿ ಕೊಳ್ಳುವ ಅಧಿಕಾರ, ಸಾಲದ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಇಷ್ಟನ್ನೇ ಬರೆಸಿ, ಮಾರುವ ಅಧಿಕಾರ ಸೇರಿಸಬೇಡಿ.